ಕೈ ನೋಡಿ ಸೂಪು ಕೊಡುತ್ತಿದ್ದ ಪಾರಕ್ಕ

ಪಾರಕ್ಕ ಗಿರಾಕಿಯ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಅವಳ ಸೂಪಿನಂಗಡಿಯ ಬಾಗಿಲಲ್ಲಿ ಒಂದು ಕಲ್ಲು. ಅದರ ಮೇಲೆ ಬಟ್ಟಲು ತುಂಬ ಶೇಂಗಾ ಎಣ್ಣೆ, ಒಂದು ಡಬ್ಬಿಯಲ್ಲಿ ಕಡಲೆಹಿಟ್ಟು, ಕೆಳಗೆ ನೀರಿನ ಬಕೆಟ್. ಬಂದವರು ಯಾರೇ ಇರಲಿ, ಎರಡೂ ಅಂಗೈ ಚಾಚಿ ನಿಲ್ಲಬೇಕು. ಅವಳು ಒಲೆಯ ಮುಂದಿನಿಂದಲೇ ಕತ್ತು ಉದ್ದ ಮಾಡಿ ನೋಡುವಳು. "ಎಣ್ಣಿ ಹಚ್ಗೊ. ಹಿಟ್ಟಿನಾಗ ತಿಕ್ಕು. ಆಮ್ಯಾಲೆ ನೀರು. ಮೊದಲ ನೀರು ಹಾಕ್ಕೊಂಡಿ ಅಂದ್ರ ಉರಿ ಒಳಗ ಇಳೀತೈತಿ, ನೋಡು." ಗಂಟಲು ಒಡೆದ ದನಿ. ಕೂಗಿದರೂ ಪಿಸುಗುಟ್ಟಿದ ಹಾಗೆ ಕೇಳುತ್ತಿತ್ತು. ಆದರೂ ಆ ದನಿಗೆ ಎದುರು ಹೇಳಿದವರನ್ನು ನಾನು ಬಹಳ ಕಂಡಿಲ್ಲ.

ಬ್ಯಾಡಗಿಯಲ್ಲಿ ಸುಗ್ಗಿಯ ದಿನಗಳಲ್ಲಿ ಮೆಣಸಿನಕಾಯಿ ಮುಟ್ಟದ ಕೈ ಸಿಗುವುದು ಕಷ್ಟ. ಆ ಕೈಯಿಂದ ಬ್ರೆಡ್ಡು ಮುಟ್ಟಿ, ಅದೇ ಕೈಯಿಂದ ಕಣ್ಣು ಒರೆಸಿಕೊಂಡರೆ ಗೊತ್ತಾಗುತ್ತದೆ ಅವಳ ನೇಮ ಯಾಕಿತ್ತು ಎಂದು.

ಇವತ್ತು ಆ ಅಂಗಡಿ ಇಲ್ಲ. ಯಾಕಿಲ್ಲ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಬರೆಯುವಾಗಲೂ ಸಿಟ್ಟು ಬರುತ್ತದೆ. ಬರಲಿ.

ನಾನು ರಾಣೆಬೆನ್ನೂರಿನವನು. ಏಳನೆಯ ತರಗತಿಗೆ ಶಾಲೆ ಬಿಟ್ಟು ವೆಲ್ಡಿಂಗ್ ಅಂಗಡಿ ಸೇರಿದೆ. ಈಗ ನನ್ನದೇ ಅಂಗಡಿ ಇದೆ. ಟ್ರ್ಯಾಕ್ಟರ್ ಟ್ರೇಲರು, ಗೇಟು, ಶಟರು, ಕಿಟಕಿಯ ಜಾಳಿಗೆ. ನಾನು ಕೂರಿಸಿದ ಗೇಟು ಜೋತುಬಿತ್ತು ಎಂದು ಇವತ್ತಿನವರೆಗೆ ಒಬ್ಬರೂ ತಿರುಗಿ ಬಂದಿಲ್ಲ. ಇದನ್ನು ಜಂಬ ಅನ್ನುವವರು ಅನ್ನಲಿ. ಓದಿದವರು ತಮ್ಮ ಕಾಗದ ತೋರಿಸುತ್ತಾರೆ, ನಾನು ಗೇಟು ತೋರಿಸುತ್ತೇನೆ.

ನನ್ನ ಅಕ್ಕ ಸುಮಿತ್ರಾಳನ್ನು ಬ್ಯಾಡಗಿಗೆ ಕೊಟ್ಟಿದ್ದೇವೆ. ಅವಳ ಗಂಡ ಮಲ್ಲೇಶಪ್ಪ, ನಾನು ಮಾಮಾ ಎಂದು ಕರೆಯುವವರು, ಮೆಣಸಿನಕಾಯಿಯ ದಲಾಲಿ ಅಂಗಡಿ ಇಟ್ಟವರು. ಮಾರುಕಟ್ಟೆಯ ಹತ್ತಿರ ಸಾಲು ಮಳಿಗೆಗಳೂ ಅವರವೇ. ಮೂರು ವರ್ಷದ ಹಿಂದೆ ಅಕ್ಕನಿಗೆ ಹಾವೇರಿಯಲ್ಲಿ ಪಿತ್ತಕೋಶದ ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು ಕೈಮುಗಿದಂತೆ ಹೇಳಿದ್ದರು: ಎಣ್ಣೆ ಬೇಡ, ಖಾರ ಬೇಡ, ತೆಳ್ಳಗಿನದು ಕೊಡಿ. ನಾನು ಅಂಗಡಿಗೆ ಬೀಗ ಹಾಕಿ ಅವಳ ಹತ್ತಿರ ಇರಲು ಹೋದೆ.

ಮೆಣಸಿನಕಾಯಿ ಮಾರುವ ಮನೆಯಲ್ಲಿ ಖಾರವಿಲ್ಲದ ಅಡುಗೆ ಯಾರಿಗೂ ಬರುವುದಿಲ್ಲ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಕ್ಕನ ಅತ್ತೆ ಗಂಜಿ ಮಾಡಿದರು, ಗಂಜಿ ಕೆಂಪಗಿತ್ತು. "ಒಂದೀಟ ಹಾಕೀನಪಾ, ಬಣ್ಣಕ್ಕ" ಎಂದರು. ಬೇಳೆಕಟ್ಟು ಮಾಡಿದರು, ಅದಕ್ಕೂ ಒಂದೀಟ ಬಣ್ಣ. ಅಕ್ಕ ಎರಡು ಗುಟುಕು ಕುಡಿದು ಹೊಟ್ಟೆ ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಮಾಮಾ ಊಟಕ್ಕೆ ಕುಳಿತು ನಗುತ್ತಿದ್ದರು. "ನಮ್ಮ ಮನಿಯಾಗ ಸಪ್ಪಂದು ಉಣ್ಣಾಕಿ ಅಂದ್ರ ಊರು ನಗತೈತಿ ಫಕೀರಾ."

ಮೂರನೆಯ ದಿನ ನಾನು ಡಬ್ಬಿ ಹಿಡಿದು ಹೊರಬಿದ್ದೆ. ಊರಲ್ಲಿ ಎಲ್ಲಿ ಕೇಳಿದರೂ ಮಿರ್ಚಿ, ವಗ್ಗರಣೆ ಮಂಡಕ್ಕಿ, ಕೆಂಪು ಚಟ್ನಿ. ಕಡೆಗೆ ಹಮಾಲನೊಬ್ಬ ಮಾರುಕಟ್ಟೆಯ ಹಿಂದಿನ ಓಣಿಗೆ ಕೈ ತೋರಿಸಿದ. "ಅಲ್ಲಿ ಸೂಪಿನ ಪಾರಕ್ಕ ಅದಾಳ ನೋಡ್ರಿ. ಆಕಿ ಅಂಗಡ್ಯಾಗ ಖಾರಂತ ಹೆಸರು ಎತ್ತಿದ್ರ ಸೌಟು ತಗೊಂಡು ಬರ್ತಾಳ."

ತಗಡಿನ ಗೂಡು. ಎರಡು ಬೆಂಚು. ಬೋರ್ಡಿಲ್ಲ. ಬೆಂಚಿನ ಮೇಲೆ ಐದಾರು ಹೆಂಗಸರು, ತಲೆಗೆ, ಮೂಗಿಗೆ ಸೆರಗು ಬಿಗಿದುಕೊಂಡು ಬಂದವರು, ಈಗ ಅದನ್ನು ಸಡಿಲ ಮಾಡಿ, ಕಿವಿ ಇರುವ ಪಿಂಗಾಣಿ ಕಪ್ಪಿನಲ್ಲಿ ಸೂಪು ಕುಡಿಯುತ್ತಿದ್ದರು. ದಿನವಿಡೀ ಕುಳಿತು ಮೆಣಸಿನಕಾಯಿಯ ತೊಟ್ಟು ಕೀಳುವವರು. ಅಲ್ಲಿ ಅದಕ್ಕೆ ತುಂಬು ಬಿಡಿಸುವುದು ಎನ್ನುತ್ತಾರೆ. ಅವರ ಬೆರಳು ಯಾವಾಗಲೂ ಉರಿಯುತ್ತಿರುತ್ತವೆ. ಬಿಸಿ ಲೋಟ ಹಿಡಿಯಲು ಆಗದು ಎಂದೇ ಪಾರಕ್ಕ ಕಿವಿ ಇರುವ ಕಪ್ಪು ತಂದಿಟ್ಟಿದ್ದಳು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ತಿಳಿದದ್ದು ಒಂದೇ, ಒಬ್ಬ ಹೆಂಗಸು ನನಗೆ "ಕೈ ತೋರ್ಸು" ಎಂದಳು.

"ನಾ ಇಲ್ಲಿ ಕುಡಿಯಾಂವ ಅಲ್ಲ. ಕಟ್ಟಿಸ್ಕೊಂಡು ಹೋಗಾಂವ" ಎಂದೆ.

"ಡಬ್ಬಿ ಮುಟ್ಟಾಂವ ನೀನ ಹೌದಿಲ್ಲೊ? ತೋರ್ಸು."

ಚಾಚಿದೆ. ವೆಲ್ಡಿಂಗ್ ಮಾಡುವವನ ಕೈ ಹೇಗಿರುತ್ತದೆ ಎಂದು ನೋಡಿದವರಿಗೆ ಗೊತ್ತು. ಕಿಡಿ ಬಿದ್ದ ಕಲೆಗಳು, ಗೆರೆಗೆರೆಯಲ್ಲಿ ಕೂತ ಕಪ್ಪು. ಬೆಂಚಿನ ಮೇಲಿನ ಒಬ್ಬಳು ನಕ್ಕಳು. "ಪಾರಕ್ಕ, ಇಂವ ಇದ್ದಲಿ ಮಾರಾಂವ ಇರಬೇಕು."

ನನಗೆ ಮೈಯೆಲ್ಲ ಉರಿಯಿತು. "ಇದು ಹೊಲಸಲ್ಲ. ಇಪ್ಪತ್ತೈದು ವರ್ಷದ ಕೆಲಸ. ಎಷ್ಟ ತೊಳದ್ರೂ ಹೋಗಂಗಿಲ್ಲ" ಎಂದೆ.

ಪಾರಕ್ಕ ಸೌಟು ಕೆಳಗಿಟ್ಟು ಎದ್ದು ಬಂದಳು. ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. "ಹೋಗೋದು ಹೋಗ್ಲಿ" ಎಂದಳು. "ಉಳಿಯೋದು ನಿಂದು. ತೊಳ್ಕೊ."

ತೊಳೆದುಕೊಂಡೆ. ಸಿಟ್ಟಿನಲ್ಲೇ ತೊಳೆದುಕೊಂಡೆ. ಯಾರಿಗೆ ಎಂದು ಕೇಳಿದಳು, ಹೇಳಿದೆ. ಟೊಮೆಟೊ ಸೂಪಿನ ಪಾತ್ರೆ ಮುಚ್ಚಿಬಿಟ್ಟು, ಹೆಸರುಬೇಳೆಯ ಸೂಪನ್ನು ಬಿಳಿ ಅರಿವೆಯಲ್ಲಿ ಇನ್ನೊಮ್ಮೆ ಸೋಸಿ, ಕಾಳುಮೆಣಸಿನ ಪುಡಿಯನ್ನೂ ಸೇರಿಸದೆ ಬರೀ ಉಪ್ಪು, ಜೀರಿಗೆ ಹಾಕಿ ಡಬ್ಬಿ ತುಂಬಿದಳು. "ಇದನ್ನ ನಾಲ್ಕ ಸಲ ಮಾಡಿ ಕೊಡು. ಒಮ್ಮೆಲೆ ಕುಡಸಬ್ಯಾಡ. ಮತ್ತ ನಿಮ್ಮ ಮನಿ ಹೆಣ್ಮಕ್ಕಳಿಗೆ ಹೇಳು, ಬಣ್ಣ ಬೇಕಾದ್ರ ಗ್ವಾಡಿಗೆ ಹಚ್ಚಂತ."

ಆಮೇಲೆ ನನಗೊಂದು ಸ್ಯಾಂಡ್‌ವಿಚ್ ಕೊಟ್ಟಳು. ಎರಡು ಬ್ರೆಡ್ಡಿನ ನಡುವೆ ಅರಿಸಿನ ಹಾಕಿದ ಆಲೂಗಡ್ಡೆ, ಸೌತೆಕಾಯಿ, ತೆಳ್ಳಗೆ ಕೊಯ್ದ ಉಳ್ಳಾಗಡ್ಡಿ, ಒಂದಿಷ್ಟು ಬೆಣ್ಣೆ. ಉದ್ದ ಹಿಡಿಕೆಯ ಕಬ್ಬಿಣದ ಅಚ್ಚಿನಲ್ಲಿ ಒತ್ತಿ ಉರಿಯ ಮೇಲೆ ತಿರುವಿ ತಿರುವಿ ಸುಟ್ಟದ್ದು. ಅಂಚು ಕರುಂ ಎನ್ನುತ್ತಿತ್ತು. ನಾನು ಅದಕ್ಕೆ ಮುಂಚೆ ಸ್ಯಾಂಡ್‌ವಿಚ್ ತಿಂದವನಲ್ಲ. ಅದು ದೊಡ್ಡ ಊರಿನವರ ಹಸಿ ತಿಂಡಿ ಎಂದುಕೊಂಡಿದ್ದೆ. ಎರಡನೆಯದನ್ನು ನಾನೇ ಕೇಳಿದೆ.

ಅಕ್ಕ ಅವತ್ತು ಡಬ್ಬಿಯನ್ನು ಖಾಲಿ ಮಾಡಿದಳು. ಅವಳು ಎದ್ದು ಕುಳಿತು ಬಾಚಣಿಗೆ ಕೇಳಿದ್ದು ಆ ವಾರದಲ್ಲೇ. ನಲವತ್ತು ದಿನ ಪಾರಕ್ಕನ ಸೂಪು ಆ ಮನೆಗೆ ಹೋಯಿತು. ಈ ನಲವತ್ತು ದಿನವನ್ನು ನಾನು ಯಾರಿಗೂ ಮರೆಯಲು ಬಿಡುವುದಿಲ್ಲ.

ಪಾರಕ್ಕ ಮೇಡ್ಲೇರಿ ಕಡೆಯವಳು. ಗಂಡನ ಜೊತೆ ಪುಣೆಗೆ ಗಾರೆ ಕೆಲಸಕ್ಕೆ ಹೋಗಿದ್ದಳು. ಅಲ್ಲಿ ಒಂದು ಆಸ್ಪತ್ರೆಯ ಎದುರಿನ ಸಣ್ಣ ಹೋಟೆಲಿನಲ್ಲಿ ಪಾತ್ರೆ ತಿಕ್ಕುತ್ತ ಸೂಪು, ಸ್ಯಾಂಡ್‌ವಿಚ್ ಕಲಿತಳು. ಗಂಡ ತೀರಿಕೊಂಡ ಮೇಲೆ ಬ್ಯಾಡಗಿಗೆ ಬಂದು ಒಂಬತ್ತು ವರ್ಷ ತುಂಬು ಬಿಡಿಸಿದಳು. ಗಂಟಲು ಹೋದದ್ದು ಅಲ್ಲೇ. ಮಧ್ಯಾಹ್ನದ ರೊಟ್ಟಿಗೂ ಕೆಂಪು ಚಟ್ನಿ ಹಚ್ಚಿಕೊಂಡು, ಕೆಮ್ಮುತ್ತ, ಮತ್ತೆ ಅದೇ ರಾಶಿಯ ಮುಂದೆ ಕೂರುವ ಹೆಂಗಸರನ್ನು ನೋಡಿ ನೋಡಿ ಒಂದು ದಿನ ಎದ್ದು ಬಂದು ಒಲೆ ಹೂಡಿದಳಂತೆ. ವ್ಯಾಪಾರಸ್ಥರು ಬಂದು "ಸ್ವಲ್ಪ ಖಾರ ಹಾಕಬಾರದೇನು?" ಎಂದರೆ ಅವಳ ಉತ್ತರ ಒಂದೇ. "ಈ ಊರಾಗ ಗಾಳಿಗೇ ಖಾರ ಹಾಕ್ಯಾರ. ನಾ ಬ್ಯಾರೆ ಯಾಕ ಹಾಕ್ಲಿ?"

ಅವಳಿಗೆ ಸುಮ್ಮನೆ ಕೂರುವವರನ್ನು ಕಂಡರೆ ಆಗುತ್ತಿರಲಿಲ್ಲ. ಸೂಪು ಆಗುವತನಕ ಕಾಯುತ್ತಿದ್ದರೆ ಮುಂದೆ ಬೆಳ್ಳುಳ್ಳಿ ಇಡುವಳು: "ಸುಲಿ." ನಾನು ಅವಳ ಅಂಗಡಿಯಲ್ಲಿ ಸುಲಿದಷ್ಟು ಬೆಳ್ಳುಳ್ಳಿಯನ್ನು ಹುಟ್ಟಿದಾಗಿನಿಂದ ಸುಲಿದಿರಲಿಲ್ಲ. ಗುರುವಾರ ನುಗ್ಗೆಸೊಪ್ಪಿನ ಸೂಪು. ಆ ದಿನ ಬೆಂಚು ಸಾಲದೆ ಹೆಂಗಸರು ನೆಲದ ಮೇಲೆ ಕೂರುತ್ತಿದ್ದರು. ಹೆಸರು ಹಿಡಿದು ಒಬ್ಬೊಬ್ಬಳನ್ನೂ ಬೈಯುವಳು. "ಏ ರೇಣವ್ವಾ, ನಿನ್ನಿ ಯಾಕ ಬರಲಿಲ್ಲ? ಗಂಡ ಸೂಪು ಮಾಡಿ ಕುಡಿಸಿದ್ನೇನು?" ಎಲ್ಲರೂ ನಗುವರು, ನಕ್ಕು ಕೆಮ್ಮುವರು, ಕೆಮ್ಮಿ ಮತ್ತೆ ನಗುವರು.

ಅಕ್ಕ ಪೂರಾ ಎದ್ದ ಮೇಲೆಯೂ ನಾನು ತಿಂಗಳಿಗೆ ಎರಡು ಸಲ ಬ್ಯಾಡಗಿಗೆ ಹೋಗುತ್ತಿದ್ದೆ. ಅಕ್ಕನನ್ನು ನೋಡಲು ಎಂದು ಹೇಳುತ್ತಿದ್ದೆ. ಅಕ್ಕನೇ ನಗುತ್ತಿದ್ದಳು. "ನೋಡಿದ್ಯಲ್ಲ, ಹೋಗು. ಸೂಪು ಆರತೈತಿ."

ಆ ವರ್ಷವೇ ಓಣಿಯ ಗಟಾರು ಅಗಲ ಮಾಡಲು ಬಂದರು. ಪಾರಕ್ಕನ ತಗಡು ಎತ್ತಬೇಕಾಯಿತು. ಮಾಮಾನ ಸಾಲಿನಲ್ಲಿ ತುದಿಯ ಮಳಿಗೆ ಖಾಲಿ ಬಿದ್ದಿತ್ತು, ಹರಕು ಚೀಲ ತುಂಬಿ. ನಾನು ಮಾಮಾನ ಮುಂದೆ ಕೂತು ಕೇಳಿದೆ. ಅಕ್ಕ ಒಳಗಿನಿಂದ ದನಿಗೂಡಿಸಿದಳು. ಮಾಮಾ ಮೀಸೆ ನೀವಿಕೊಂಡು "ಆತು ತಗೊ, ನಿನ್ನ ಮಾತಿಗೆ" ಎಂದರು. ಕಾಗದ ಗೀಗದ ಏನೂ ಇಲ್ಲ. ಮನೆಯವರ ನಡುವೆ ಕಾಗದ ಕೇಳುವುದು ನನಗೆ ಅವಮಾನ ಎನಿಸುತ್ತಿತ್ತು.

ಪಾರಕ್ಕನಿಗೆ ಒಲೆ, ಪಾತ್ರೆ, ಬ್ರೆಡ್ಡು ಎಲ್ಲ ಹಿಡಿಸುವಂತೆ ಒಂದು ದೊಡ್ಡ ಕಬ್ಬಿಣದ ಟೇಬಲ್ಲು ಬೇಕಿತ್ತು. ಮಾಡಿಕೊಡುತ್ತೇನೆ ಎಂದೆ, ಕೂಲಿ ಬೇಡ ಎಂದೆ. ಅವಳು ಒಂದೇ ಒಂದು ಮಾತು ಕೇಳಿದಳು. "ಕೆಳಗ ನಾಲ್ಕ ಗಾಲಿ ಹಚ್ಚು ತಮ್ಮಾ. ನಾಳೆ ಎತ್ತಬೇಕಾದ್ರ ತಳ್ಕೊಂಡು ಹೋಗಾಕ ಬರ್ತೈತಿ."

ನಾನು ನಕ್ಕೆ. ಬಾಯಿ ತುಂಬ ನಕ್ಕೆ. "ಗಾಲಿ ಹಚ್ಚಿದ್ರ ಅದು ಗಾಡಿ ಆಕ್ಕೈತಿ ಪಾರಕ್ಕ. ನಾ ಗಾಡಿ ಮಾಡಾಂವ ಅಲ್ಲ, ಅಂಗಡಿ ಮಾಡಾಂವ. ಬಿಸಿ ಸೂಪು ಇಟ್ಟ ಟೇಬಲ್ಲು ಅಳ್ಳಾಡಬಾರದು."

"ಅಳ್ಳಾಡೋದು ಟೇಬಲ್ ಅಲ್ಲಪಾ. ಮಂದಿ ಮಾತು ಅಳ್ಳಾಡತೈತಿ."

"ಯಾರ ಮಾತು? ಮಳಗಿ ನಮ್ಮ ಮಾಮಾಂದು. ನಾ ಅದೀನಿ."

ಅವಳು ಬೆಳ್ಳುಳ್ಳಿಯ ಬುಟ್ಟಿ ನನ್ನ ಕಡೆ ಸರಿಸಿದಳು. ಒಪ್ಪಿದಳು ಎಂದುಕೊಂಡೆ.

ಟೇಬಲ್ಲಿನ ನಾಲ್ಕು ಕಾಲನ್ನೂ ನೆಲ ಅಗೆದು ಕಾಂಕ್ರೀಟಿನಲ್ಲಿ ಹೂಳಿದೆ. ಹಿಂದಿನ ಅಂಚನ್ನು ಶಟರಿನ ಚೌಕಟ್ಟಿಗೆ ಬೆಸೆದೆ. ಮೇಲೆ ನಿಂತು ಕುಣಿದು ತೋರಿಸಿದೆ. ಓಣಿಯ ಹಮಾಲರು ಶಿಳ್ಳೆ ಹೊಡೆದರು. ಅಷ್ಟು ಚಂದದ ಜೋಡಣೆ ನಾನು ಅದಕ್ಕೆ ಮುಂಚೆ ಮಾಡಿರಲಿಲ್ಲ. ಅಷ್ಟು ದೊಡ್ಡ ತಪ್ಪನ್ನೂ ಮಾಡಿರಲಿಲ್ಲ.

ಒಂದು ವರ್ಷ ಚೆನ್ನಾಗಿ ನಡೆಯಿತು. ಹೆಂಗಸರಷ್ಟೇ ಅಲ್ಲ, ಲಾರಿಯವರು, ಬ್ಯಾಂಕಿನವರು, ಕಾಲೇಜಿನ ಮೇಷ್ಟ್ರು ಎಲ್ಲ ಬರತೊಡಗಿದರು. ಎಲ್ಲರೂ ಕೈ ಚಾಚುತ್ತಿದ್ದರು. ಒಂದು ಮಧ್ಯಾಹ್ನ ನಾನು ಅಲ್ಲೇ ಕುಳಿತಿದ್ದಾಗ ಮಾಮಾ ಬಂದರು. ಜೊತೆಗೆ ಹೊರಗಿನ ಇಬ್ಬರು ಖರೀದಿದಾರರು, ಬಿಳಿ ಅಂಗಿಯವರು. ಅಷ್ಟು ಹೊತ್ತು ಚೀಲಕ್ಕೆ ಕೈ ಹಾಕಿ ಕಾಯಿ ಹಿಚುಕಿ ನೋಡಿ ಬಂದವರು. ಮಾಮಾ ನೇರ ಒಳಗೆ ಬಂದು ಬ್ರೆಡ್ಡಿನ ಪುಡಿಕೆಗೆ ಕೈ ಹಾಕಿದರು.

"ಸಾವ್ಕಾರ್ರ, ಕೈ" ಎಂದಳು ಪಾರಕ್ಕ.

"ಏನ್ ಕೈ?"

"ತೋರಸ್ರಿ."

"ಏ, ಈ ಮಳಗಿ ಯಾರ್ದು ಗೊತ್ತೈತೇನು?"

"ಗೊತ್ತೈತ್ರಿ. ಮಳಗಿ ನಿಮ್ದು. ಬ್ರೆಡ್ಡು ನಂದು. ಎಣ್ಣಿ ಅಲ್ಲೈತಿ ನೋಡ್ರಿ."

ಬೆಂಚಿನವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಆ ಬಿಳಿ ಅಂಗಿಯವರೂ ನಕ್ಕು, ಶಿಸ್ತಾಗಿ ಎಣ್ಣೆ ಹಚ್ಚಿ ಕೈ ತೊಳೆದರು. ಮಾಮಾನೂ ತೊಳೆದುಕೊಂಡರು. ಸೂಪು ಕುಡಿದು "ಪಸಂದ್ ಐತಿ" ಎಂದೂ ಹೇಳಿದರು. ಆದರೆ ಹೋಗುವಾಗ ಬಾಗಿಲಲ್ಲಿ ನಿಂತು ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ಜನವನ್ನು ಒಮ್ಮೆ ಕಣ್ಣಲ್ಲಿ ಅಳೆದರು. ಆಮೇಲೆ ನನ್ನನ್ನು ನೋಡಿದರು. ನಾನು ಇನ್ನೂ ನಗುತ್ತಿದ್ದೆ.

ಮುಂದಿನ ಎರಡು ತಿಂಗಳು ನನಗೆ ಟ್ರೇಲರಿನ ಕೆಲಸ ತಲೆಯ ಮೇಲೆ ಬಿತ್ತು. ಬಿತ್ತನೆಗೆ ಮುಂಚೆ ರೈತರು ಬಿಡುವುದಿಲ್ಲ. ಬ್ಯಾಡಗಿಗೆ ಹೋಗಲಾಗಲಿಲ್ಲ. ಹೋದ ದಿನ ನೋಡಿದರೆ ಮಳಿಗೆಯ ಮೇಲೆ ಬಣ್ಣದ ಬೋರ್ಡು. ಸೂಪು, ಸ್ಯಾಂಡ್‌ವಿಚ್ ಎಂದು ದೊಡ್ಡ ಅಕ್ಷರ. ಒಳಗೆ ನನ್ನ ಟೇಬಲ್ಲಿಗೆ ಹೊಳೆಯುವ ಹಾಳೆ ಅಂಟಿಸಿ ಅದರ ಹಿಂದೆ ಮಾಮಾನ ತಮ್ಮ ವಿರುಪಾಕ್ಷ ನಿಂತಿದ್ದಾನೆ, ಪುಡಿಕೆಯ ಸೂಪಿನ ಪುಡಿಯನ್ನು ಬಿಸಿನೀರಿಗೆ ಸುರಿಯುತ್ತ. ಬಾಗಿಲಲ್ಲಿ ಕಲ್ಲಿಲ್ಲ, ಬಟ್ಟಲಿಲ್ಲ, ಬಕೆಟ್ಟಿಲ್ಲ. ತುಂಬು ಬಿಡಿಸುವವರು ಒಬ್ಬರೂ ಇಲ್ಲ.

ಮಾಮಾನ ದಲಾಲಿ ಅಂಗಡಿಗೆ ಹೋದೆ. ಓಡಿದೆ ಎಂದೇ ಹೇಳಬೇಕು.

"ಬಾರಪಾ ಫಕೀರಾ, ಕುಂದ್ರು. ಬಿಸಿಲಾಗ ಬಂದೀದಿ."

"ಕುಂದ್ರಾಕ ಬಂದಿಲ್ಲ. ಪಾರಕ್ಕ ಎಲ್ಲಿ?"

"ಹೋದ್ಲು. ವಿರುಪಾಕ್ಷ ಖಾಲಿ ಕುಂತಿದ್ದ, ಮಳಗಿ ನಮಗ ಬೇಕಾತು. ಬಿಡವಾ ಅಂದೆ, ಬಿಟ್ಲು. ಜಗಳಿಲ್ಲ, ಏನಿಲ್ಲ. ಹಾವೇರಿ ಕಡೆ ಅಗಡ್ಯಾಗ ತಂಗಿ ಮನಿಗೆ ಹೋಗ್ಯಾಳಂತ."

"ನಾ ಮಾತು ಕೊಟ್ಟಿದ್ದೆ ಮಾಮಾ."

"ನೀ ಕೊಟ್ಟಿದ್ದಿ. ನಾ ಕೊಟ್ಟಿದ್ನೇನು?"

"ನನ್ನ ಟೇಬಲ್ಲು? ಅದು ಆಕೀದು."

ಮಾಮಾ ನಕ್ಕರು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ. "ಅದನ್ನ ನೆಲದಾಗ ಹೂಳಿದಾಂವ ಯಾರಪಾ? ನೆಲದಾಗಿದ್ದದ್ದು ನೆಲದ ಮಾಲಕಂದು. ಪಾಪ, ಆಕಿ ಹಮಾಲರ್ನ ಕರ್ಕೊಂಡು ಬಂದು ಅಳ್ಳಾಡಿಸಿ ನೋಡಿದ್ಲು. ಒಂದ್ ಕೂದಲೆಳಿ ಸರೀಲಿಲ್ಲ. ಭಾರಿ ಗಟ್ಟಿ ಮಾಡೀದಿ ಬಿಡು! ಕೈ ಅಂದ್ರ ನಿಂದು."

ಆಯುಷ್ಯದಲ್ಲಿ ನನ್ನ ಕೆಲಸವನ್ನು ಹೊಗಳಿದ್ದಕ್ಕೆ ಹೊಡೆಯಬೇಕೆನಿಸಿದ್ದು ಅದೊಂದೇ ಸಲ. ಹೊಡೆಯಲಿಲ್ಲ. ಮನೆಗೆ ಹೋಗಿ ಅಕ್ಕನ ಮುಂದೆ ನಿಂತೆ. ಅವಳು ತಾಟು ಹಾಕುತ್ತಿದ್ದಳು.

"ಉಂಡು ಹೋಗು ತಮ್ಮಾ."

"ನಲವತ್ತು ದಿನ ಆಕಿ ಸೂಪು ಕುಡದು ಎದ್ದಾಕಿ ನೀ. ಆಕೀನ್ನ ಹೊರಗ ಹಾಕುಮುಂದ ನಿನ್ನ ಬಾಯಿಗೆ ಏನಾಗಿತ್ತು?"

ಅಕ್ಕ ಬಾಗಿಲ ಕಡೆ ನೋಡಿದಳು. ಅಲ್ಲಿ ಅವಳ ಅತ್ತೆ ಕುಳಿತಿದ್ದರು. "ಎಲ್ಲಾ ಒಮ್ಮೆಲೆ ಆಗಂಗಿಲ್ಲೋ" ಎಂದಳಷ್ಟೆ, ಸಣ್ಣ ದನಿಯಲ್ಲಿ. ನಾನು ತಾಟಿಗೆ ಬೆನ್ನು ಮಾಡಿ ಬಂದೆ.

ಮರುದಿನ ಹೊತ್ತು ಏರುವಷ್ಟರಲ್ಲಿ ಗೂಡ್ಸ್ ಆಟೋದಲ್ಲಿ ಗ್ಯಾಸ್ ಕಟರು, ಸಿಲಿಂಡರು, ಸುತ್ತಿಗೆ ಹೇರಿಕೊಂಡು ಬ್ಯಾಡಗಿಗೆ ಬಂದೆ. ಮಾರುಕಟ್ಟೆಯ ದಿನ, ಓಣಿ ತುಂಬ ಜನ. ವಿರುಪಾಕ್ಷನಿಗೆ "ಆ ಕಡೆ ಸರಿ" ಎಂದೆ. ಸರಿಯಲಿಲ್ಲ, ಕಟರು ಹೊತ್ತಿಸಿದ ಮೇಲೆ ಸರಿದ. ಹೊಳೆಯುವ ಹಾಳೆ ಸುಟ್ಟು ನಾರಿತು. ನಾನೇ ಬೆಸೆದ ಜೋಡಣೆಗಳನ್ನು ನಾನೇ ಒಂದೊಂದಾಗಿ ಕೊಯ್ದೆ. ಮಾಮಾ ಬಂದು ಪೊಲೀಸರಿಗೆ ಫೋನ್ ಮಾಡುತ್ತೇನೆ ಎಂದು ಕೂಗಿದರು. "ಮಾಡ್ರಿ" ಎಂದೆ. ಅಷ್ಟರಲ್ಲಿ ಅಕ್ಕ ಸೆರಗು ಹೊಟ್ಟೆಗೆ ಒತ್ತಿಕೊಂಡು ಓಡುತ್ತ ಬಂದಳು. ಊರ ಮುಂದೆ ಹಾಗೆ ಓಡಿ ಬಂದವಳಲ್ಲ ಅವಳು.

"ಬ್ಯಾಡೋ ತಮ್ಮಾ. ಎರಡ ದಿನ ತಡಿ. ನಿನಗ ಕೈಮುಗೀತೀನಿ, ಎರಡ ದಿನ."

"ಎರಡ ದಿನದಾಗ ಏನ್ ಮಾಡ್ತೀ ನೀ? ಎರಡ ತಿಂಗಳ ಬಾಯಿಗೆ ಬೀಗ ಹಾಕ್ಕೊಂಡಾಕಿ!"

ಅವಳು ಇನ್ನೇನೋ ಹೇಳಲು ಹೋಗಿ, ಗಂಡನ ಮುಖ ನೋಡಿ, ನಿಲ್ಲಿಸಿದಳು. ನಾನು ಕೊನೆಯ ಕಾಲು ಕೊಯ್ದೆ. ಹಮಾಲರು ಎತ್ತಿ ಆಟೋದಲ್ಲಿ ಹಾಕಿದರು. ಆಗ ಎದೆಯೊಳಗೆ ಎಷ್ಟು ಹಿಗ್ಗಿತ್ತು ಎಂದರೆ, ಮೋಟೆಬೆನ್ನೂರು ದಾಟಿ ಹೆದ್ದಾರಿ ಹಿಡಿದು ಹಾವೇರಿಗೆ ಹೋಗುವತನಕ ಹಾರ್ನ್ ಬಾರಿಸುತ್ತಲೇ ಇದ್ದೆ.

ಅಗಡಿಯಲ್ಲಿ ಪಾರಕ್ಕ ತಂಗಿಯ ಮನೆಯ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಆಟೋದಲ್ಲಿದ್ದದ್ದನ್ನು ನೋಡಿದಳು. ಏಳಲಿಲ್ಲ. ಅವಳ ಮಗ್ಗುಲಲ್ಲಿ ಫೋನು ಬಿದ್ದಿತ್ತು.

"ಯಾರನ್ನ ಕೇಳಿ ತಂದಿ?"

"ಯಾರನ್ನ ಕೇಳಬೇಕು? ನಿಂದು, ತಂದೀನಿ."

"ನನ್ನ ಕೇಳಬೇಕಾಗಿತ್ತು."

ಆಮೇಲೆ ಹೇಳಿದಳು, ಆ ಒಡೆದ ದನಿಯಲ್ಲಿ, ಕಾಯಿ ಸುಲಿಯುವುದನ್ನು ನಿಲ್ಲಿಸದೆ. ಅಕ್ಕ ಎರಡು ತಿಂಗಳಿಂದ ಗಂಡನ ಹಿಂದೆ ಬಿದ್ದಿದ್ದಳಂತೆ. ಜಗಳ ಮಾಡಿದರೆ ಆ ಮನುಷ್ಯ ಕಲ್ಲಾಗುತ್ತಾನೆ ಎಂದು ಗೊತ್ತಿದ್ದವಳು. ಊಟಕ್ಕೆ ಬಡಿಸುವಾಗ ಒಂದು ಮಾತು, ಎಲೆ ಅಡಿಕೆ ಕೊಡುವಾಗ ಒಂದು ಮಾತು. ವಿರುಪಾಕ್ಷನ ಅಂಗಡಿಗೆ ಜನ ಬರುತ್ತಿಲ್ಲ ಎಂದು ಮೆಲ್ಲಗೆ ತೋರಿಸಿದ್ದಳು. ಹೋದ ವಾರ ಯಾರಿಗೂ ಹೇಳದೆ ಬಸ್ಸು ಹತ್ತಿ ಅಗಡಿಗೆ ಬಂದು ಹೋಗಿದ್ದಳು. ಮಾಮಾ ಒಪ್ಪಿದ್ದರು. ಅವರಿಗೆ ಮುಖ ಉಳಿಯುವಂತೆ, ಮಾರುಕಟ್ಟೆಯ ಹಿಂದಿನ ಗೇಟಿನ ಕಡೆಯ ಸಣ್ಣ ಕೋಣೆ. ತುಂಬು ಬಿಡಿಸುವವರು ಬಂದುಹೋಗುವ ದಾರಿಯಲ್ಲೇ. ಸೋಮವಾರ ಕೀಲಿಕೈ ಕೊಡುವುದಿತ್ತು. ಅವತ್ತು ಶನಿವಾರ.

"ಈಗಷ್ಟ ಫೋನ್ ಬಂದಿತ್ತು" ಎಂದಳು. "ಸುಮಿತ್ರಾ ಅಳಾಕತ್ತಿದ್ಲು. ಸಾವ್ಕಾರ್ರು ಇನ್ನ ಆ ಹೆಸರು ಎತ್ತಬ್ಯಾಡ ಅಂದಾರಂತ."

ನನಗೆ ಆಗಲೂ ಬಂದದ್ದು ಸಿಟ್ಟೇ. "ಮತ್ತ ನನಗ ಯಾಕ ಹೇಳಲಿಲ್ಲ? ನೀವಿಬ್ಬರೂ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಓಡಿ ಬಂದು ಕೂಗಾಡ್ತಿದ್ದಿ. ಹೇಳಲಿಲ್ಲ, ಆದ್ರೂ ಓಡಿ ಬಂದಿ." ಅವಳು ಕೈಯಲ್ಲಿದ್ದ ಸಿಪ್ಪೆಯನ್ನು ಬುಟ್ಟಿಗೆ ಒಗೆದಳು. "ನಿನಗ ಸಿಟ್ಟು ಬೇಕಾಗಿತ್ತು ತಮ್ಮಾ, ಸಿಕ್ಕಿತು. ನನಗ ಮಳಗಿ ಬೇಕಾಗಿತ್ತು."

ಬಿಸಿಲು ಹೊಡೆಯುತ್ತಿತ್ತು. ಆಟೋದ ಎಂಜಿನ್ನು ಇನ್ನೂ ಓಡುತ್ತಲೇ ಇತ್ತು. ಬಂದ್ ಮಾಡುವುದನ್ನೂ ಮರೆತಿದ್ದೆ. ರಾಣೆಬೆನ್ನೂರಿಗೆ ಬಾ ಎಂದೆ. ನನ್ನ ಅಂಗಡಿಯ ಮುಂದೆ ಜಾಗವಿದೆ, ರಸ್ತೆಯ ಮೇಲೇ ಇದೆ, ಯಾರ ಹಂಗೂ ಇಲ್ಲ, ಕಾಗದ ಮಾಡಿಕೊಡುತ್ತೇನೆ ಎಂದೆ. ಇಷ್ಟು ಮಾತನ್ನು ನಾನು ಯಾರಿಗೂ ಬೇಡಿಕೊಂಡು ಹೇಳಿದ್ದಿಲ್ಲ.

"ಅಲ್ಲಿ ತುಂಬು ಬಿಡಸೋರು ಅದಾರೇನು?" ಎಂದು ಕೇಳಿದಳು.

ಇಲ್ಲ ಎಂದೆ.

"ಮತ್ತ ನಾ ಬಂದು ಏನ್ ಮಾಡ್ಲಿ?"

ತಂಗಿಯ ಕೈಯಲ್ಲಿ ನನಗೆ ಚಹಾ ಕೊಡಿಸಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಟೇಬಲ್ಲನ್ನು ಇಳಿಸಿಕೊಳ್ಳಲಿಲ್ಲ. ಅದನ್ನು ಹೇರಿಕೊಂಡೇ ತಿರುಗಿ ಬಂದೆ.

ಎರಡು ವಾರದ ಮೇಲೆ ಅವಳ ತಂಗಿ ಫೋನ್ ಮಾಡಿ, ಪಾರಕ್ಕ ಮಡಗಾವಿಗೆ ಹೊರಟಳು, ಅಲ್ಲಿ ಹಾಸಿಗೆ ಹಿಡಿದ ಒಬ್ಬ ಮುದುಕಿಯನ್ನು ನೋಡಿಕೊಂಡು ಅಡುಗೆ ಮಾಡುವ ಕೆಲಸ ಸಿಕ್ಕಿದೆ ಎಂದಳು. ಹಾವೇರಿ ಬಸ್ ನಿಲ್ದಾಣಕ್ಕೆ ಓಡಿದೆ. ಬಸ್ಸು ಹೊರಡುವುದರಲ್ಲಿತ್ತು. ಪಾರಕ್ಕ ಕಿಟಕಿಯಲ್ಲಿ ಕುಳಿತಿದ್ದಳು, ಒಂದು ಚೀಲ ತೊಡೆಯ ಮೇಲೆ.

"ಅಕ್ಕನ ಮನಿಗೆ ಹೋಗಿದ್ಯೇನು?" ಎಂದಳು.

"ಇಲ್ಲ. ಆ ಮನಿ ಹೊಸ್ತಲಾ ತುಳಿಯಂಗಿಲ್ಲ ನಾ."

"ಹುಚ್ಚಪ್ಪ. ನೀ ಹೋಗದಿದ್ರ ಸಾವ್ಕಾರ್ರಿಗೆ ಏನ್ ಕಡಿಮಿ ಆಕ್ಕೈತಿ? ಆಕಿಗೆ ಕಡಿಮಿ ಆಕ್ಕೈತಿ." ಬಸ್ಸು ಜರುಗಿತು. ಅವಳು ಇನ್ನೇನೋ ಹೇಳಿದಳು. ಆ ದನಿ ಎಂಜಿನ್ನಿನ ಸದ್ದಿಗೆ ಕೇಳಲಿಲ್ಲ. ಅವಳಿಗೆ ಕೂಗಲು ಬರುತ್ತಿರಲಿಲ್ಲ.

ಅಕ್ಕನಿಗೆ ಕಡಿಮೆ ಆಗುತ್ತದೆ ಎಂದಿದ್ದಳಲ್ಲ, ಆ ಮಾತಿಗಾಗಿ ಹೋದ ತಿಂಗಳು ಅಕ್ಕನ ಮನೆಗೆ ಹೋದೆ. ನಾನು ಬಂದದ್ದು ನೋಡಿ ಮಾಮಾ ಅಂಗಡಿಗೆ ಎದ್ದುಹೋದರು. ವಿರುಪಾಕ್ಷನ ಅಂಗಡಿ ಮುಚ್ಚಿ ಮಳಿಗೆಯಲ್ಲಿ ಮತ್ತೆ ಚೀಲ ತುಂಬಿದ್ದಾರೆ. ಮಧ್ಯಾಹ್ನ ತಿರುಗಿ ಬರುವಾಗ ಗೇಟಿನ ಹೊರಗೆ ನೆರಳಿನಲ್ಲಿ ತುಂಬು ಬಿಡಿಸುವ ಹೆಂಗಸರು ಕುಳಿತು ರೊಟ್ಟಿ ಬಿಚ್ಚಿದ್ದರು, ಕೆಂಪು ಚಟ್ನಿಯ ಜೊತೆ. ರೇಣವ್ವ ನನ್ನನ್ನು ಗುರುತು ಹಿಡಿದಳು.

"ಏ ಅಣ್ಣಾ, ಟೇಬಲ್ ಕೊಯ್ದಾಂವ ನೀನ ಅಲ್ಲನ? ಪಾರಕ್ಕನ್ನ ಓಡಿಸಿದಾಂವ ಯಾರಂತ? ಒಬ್ಬೊಬ್ರು ಒಂದೊಂದು ಹೇಳತಾರ."

ಮಾಮಾನ ಹೆಸರು ನಾಲಿಗೆಯ ತುದಿಯಲ್ಲಿತ್ತು. ದಾರಿಯಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ಬಂದವನು ನಾನು.

"ಒಮ್ಮೆ ನಮ್ಮ ಮಾಮಾ" ಎಂದೆ. "ಒಮ್ಮೆ ನಾನು."

ಅವಳು ರೊಟ್ಟಿ ಮುರಿದಳು. ಮುರಿದು ನನ್ನ ಮುಖವನ್ನೇ ನೋಡಿದಳು.

"ಹಂಗಾರ ಇಬ್ಬರೂ ಕೂಡಿ ಮಾಡಿಕೊಡ್ರಿ ನಮಗ ಸೂಪು" ಎಂದು, ಕೆಮ್ಮಿಕೊಂಡು, ಆ ಕಡೆ ತಿರುಗಿ ಕುಳಿತಳು.